ಹಿಸ್ಟರಿ ಖಾಲಿ: ಯಾರು ಅಳಿಸಿದರು ಎಂದು ಕೇಳುವ ಮುನ್ನ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಿಂದ 2025ರ ಮಾರ್ಚ್ 10, ಸೋಮವಾರ ಬೆಳಿಗ್ಗೆ ಫೋನ್ ಬಂತು. ಆವಕ ಜೋರಿದ್ದ ದಿನಗಳು. ಅಂಗಡಿ ಮುಂದೆ ಚೀಲದ ಸಾಲು. ಒಳಗೆ ಕಾಲಿಟ್ಟರೆ ಮೊದಲು ಘಾಟಿಗೆ ಎರಡು ಸೀನು, ಆಮೇಲೆ ಮಾತು. ಸಾವ್ಕಾರರು ಗಾದಿ ಬಿಟ್ಟು ಏಳದೆ ಹೇಳಿದರು: “ಗುರುವಾರ ಆನ್‌ಲೈನ್ ಟೆಂಡರ್‌ನ್ಯಾಗ ಒಂದು ಲಾಟಿಗೆ ರೇಟ್ ತಪ್ಪು ಬಿದ್ದೈತಿ. ಕ್ವಿಂಟಲ್‌ಗೆ 12,309 ಹಾಕೋದು 21,309 ಹಾಕ್ಯಾರ. ಆಗ ಯಾರು ಕುಂತಿದ್ರು ನೋಡೂಣು ಅಂತ ಹಿಸ್ಟರಿ ತಗದ್ರ ಶನಿವಾರ ಮಧ್ಯಾಹ್ನದ ಹಿಂದಿಂದು ಒಂದೂ ಇಲ್ಲ. ಹುಡುಗ ಅಳಸ್ಯಾನ. ಅದನ್ನ ವಾಪಸ್ ತಗದು ಕೊಡ್ರಿ.”

ಹಿಸ್ಟರಿ ಎಂದರೆ ಯಾವ ಜಾಲತಾಣ ಯಾವಾಗ ತೆರೆದರು ಎಂದು ಬ್ರೌಸರ್ ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ. ಹುಡುಗ ಬಾಗಿಲ ಹತ್ತಿರ ನಿಂತಿದ್ದ. ದಿವಾನಜಿ ಕೀರ್ದಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಕಂಪ್ಯೂಟರ್ ಒಂದು, ವಿಂಡೋಸ್ ಖಾತೆ ಒಂದು, ಪಾಸ್‌ವರ್ಡ್ ಇಲ್ಲ. ಸಾವ್ಕಾರರು, ಅವರ ಮಗ, ದಿವಾನಜಿ, ಹುಡುಗ, ಈ ನಾಲ್ವರೂ ಅದರ ಮುಂದೆ ಕೂರುವವರು.

ನಾನು ಕಂಪ್ಯೂಟರ್ ರಿಪೇರಿಯವನು. ಇಂಥ ಕೆಲಸ ನನಗೆ ವರ್ಷಕ್ಕೆ ಐದಾರು ಬರುತ್ತವೆ. ಹಾವೇರಿ, ರಾಣೆಬೆನ್ನೂರು, ಒಮ್ಮೊಮ್ಮೆ ಗದಗ. ಕೇಳುವವರ ಮಾತು ಎಲ್ಲ ಕಡೆ ಒಂದೇ: ಹಿಸ್ಟರಿ ಇಲ್ಲ, ಅಂದರೆ ಅಳಿಸಿದ್ದಾರೆ, ಅಂದರೆ ಏನೋ ಮುಚ್ಚಿಡುತ್ತಿದ್ದಾರೆ. ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿಬಿಡುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯ ಮೆಟ್ಟಿಲೇ ಅರ್ಧ ಸಲ ಗಟ್ಟಿ ಇರುವುದಿಲ್ಲ. ಹೀಗಾಗಿ ಈ ಕೈಪಿಡಿ ಹೋದದ್ದನ್ನು ತರುವುದಕ್ಕಿಂತ ಮುಂಚೆ, ಅದು ಹೋದದ್ದು ಹೇಗೆ ಎಂಬಲ್ಲಿಂದ ಶುರುವಾಗುತ್ತದೆ.

ಮೊದಲು ಕೈ ತೆಗೆಯಿರಿ

ಬ್ರೌಸರ್ ಮುಚ್ಚಿ. ಮತ್ತೆ ತೆರೆಯಬೇಡಿ. ಅಳಿಸಿದ ಮಾಹಿತಿ ಡಿಸ್ಕಿನ ಯಾವುದೋ ಮೂಲೆಯಲ್ಲಿ ಇನ್ನೂ ಇದ್ದರೆ, ನೀವು ತೆರೆಯುವ ಪ್ರತಿ ಪುಟವೂ ಅದರ ಮೇಲೆ ಬರೆಯುವ ಸಾಧ್ಯತೆ ಇದೆ. ಹಿಸ್ಟರಿ ವಾಪಸ್ ತರುವ ಸಾಫ್ಟ್‌ವೇರ್ ಹುಡುಕಿ ಅದೇ ಕಂಪ್ಯೂಟರಿಗೆ ಡೌನ್‌ಲೋಡ್ ಮಾಡುವವರನ್ನು ನೋಡಿದ್ದೇನೆ. ಬಾವಿಗೆ ಬಿದ್ದ ಉಂಗುರ ಹುಡುಕಲು ಮೇಲಿಂದ ಮಣ್ಣು ಸುರಿದಂತೆ ಅದು. ಬೇಕಾದ ಸಾಧನಗಳನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತನ್ನಿ.

ಕಂಪ್ಯೂಟರ್ ಆಫ್ ಮಾಡುವ ಮುಂಚೆ ಒಂದೇ ಒಂದು ಕೆಲಸ. ವಿಂಡೋಸ್ ತಾನು ಇತ್ತೀಚೆಗೆ ಹುಡುಕಿದ ವೆಬ್ ವಿಳಾಸಗಳ ಪಟ್ಟಿಯನ್ನು ಡಿಎನ್‌ಎಸ್ ಕ್ಯಾಶೆ ಎಂಬಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಆಜ್ಞೆಗೆ ಡಿಸ್‌ಪ್ಲೇಡಿಎನ್‌ಎಸ್ ಎಂಬ ಆಯ್ಕೆ ಸೇರಿಸಿ ಕೊಟ್ಟರೆ ಅದು ಕಾಣುತ್ತದೆ. ರೀಸ್ಟಾರ್ಟ್ ಮಾಡಿದರೆ ಹೋಯಿತು. ನಾಲ್ಕು ದಿನದ ಹಿಂದಿನದು ಅದರಲ್ಲಿ ಸಿಗುವುದಿಲ್ಲ, ಆದರೂ ಈಗಷ್ಟೇ ನಡೆದ ಸಂಗತಿಯಾದರೆ ಇದನ್ನು ಬಿಡಬಾರದು.

ಇನ್ನೊಂದು ಮಾತು ಮೊದಲೇ ಆಡಿಬಿಡುತ್ತೇನೆ. ಹಣದ ಮೋಸ, ಪೊಲೀಸ್ ಕಂಪ್ಲೇಂಟು ಎನ್ನುವ ಮಟ್ಟಕ್ಕೆ ವಿಷಯ ಹೋಗುವಂತಿದ್ದರೆ ನಾನು ಆ ಕಂಪ್ಯೂಟರ್ ಮುಟ್ಟುವುದಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ನಾನು ಕೆದರಿದ ಡಿಸ್ಕನ್ನು ಯಾರಾದರೂ ಪ್ರಶ್ನೆ ಮಾಡಿಯೇ ಮಾಡುತ್ತಾರೆ. ಆನ್‌ಲೈನ್ ಹಣ ಹೋಗಿದ್ದರೆ ಮೊದಲ ಕರೆ 1930ಕ್ಕೆ, ನನಗಲ್ಲ. ಬ್ಯಾಡಗಿಯಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಅಂಕಿ ಹಿಂದು ಮುಂದಾಗಿತ್ತು, ಅಷ್ಟೆ.

ಎಂಥ ಖಾಲಿ?

ಪೂರ್ತಿ ಖಾಲಿಯೋ, ಒಂದು ತಾರೀಖಿನ ಹಿಂದಿನದು ಮಾತ್ರ ಖಾಲಿಯೋ, ನಡುನಡುವೆ ತೂತೋ? ಈ ಮೂರಕ್ಕೂ ಕಾರಣ ಬೇರೆ.

ಪೂರ್ತಿ ಖಾಲಿ ಇದ್ದರೆ ಮೊದಲು ಅನುಮಾನಿಸಬೇಕಾದ್ದು ನೀವು ತಪ್ಪು ಮನೆಯ ಕದ ತಟ್ಟುತ್ತಿದ್ದೀರೋ ಎಂದು. ಕ್ರೋಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಫೈಲ್, ಅಂದರೆ ಬೇರೆ ಬೇರೆ ಬಳಕೆದಾರರ ಖಾನೆ, ಇರಬಹುದು. ಪ್ರತಿಯೊಂದಕ್ಕೂ ಹಿಸ್ಟರಿ ಬೇರೆ. ಗದಗ-ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಫೈರ್‌ಫಾಕ್ಸ್ ಮರುಸ್ಥಾಪನೆ ಮಾಡಿದ ಮೇಲೆ ಹೊಸ ಪ್ರೊಫೈಲ್ ಹುಟ್ಟಿಕೊಂಡು, ಹಳೆಯದು ಪಕ್ಕದ ಫೋಲ್ಡರಿನಲ್ಲಿ ಮೂರು ತಿಂಗಳಿಂದ ಸುಮ್ಮನೆ ಕೂತಿತ್ತು. ಅಷ್ಟರಲ್ಲಿ ಡಿಟಿಪಿ ಮಾಡುವ ಹೆಣ್ಣುಮಗಳ ಮೇಲೆ ಮಾಲೀಕರು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರು. ಫೈರ್‌ಫಾಕ್ಸ್‌ನ ವಿಳಾಸ ಪಟ್ಟಿಯಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಕೊಟ್ಟು ಹಳೆಯದನ್ನು ಆರಿಸಿದ್ದೇ ಎಲ್ಲ ವಾಪಸ್. ಐದು ನಿಮಿಷದ ಕೆಲಸ.

ಎಡ್ಜ್‌ನಲ್ಲಿ ಬ್ರೌಸರ್ ಮುಚ್ಚಿದಾಗಲೆಲ್ಲ ಹಿಸ್ಟರಿ ಅಳಿಸು ಎಂಬ ಸೆಟ್ಟಿಂಗ್ ಇದೆ, ಫೈರ್‌ಫಾಕ್ಸ್‌ನಲ್ಲೂ ಇದೆ. ಸಿಕ್ಲೀನರ್‌ನಂಥ ಸ್ವಚ್ಛತೆಯ ಪ್ರೋಗ್ರಾಮುಗಳು ಕಸದ ಜೊತೆ ಹಿಸ್ಟರಿಯನ್ನೂ ಗುಡಿಸುತ್ತವೆ. ಕಂಪ್ಯೂಟರ್ ಸ್ಲೋ ಆಗಿದೆ ಎಂದು ಯಾರೋ ಪುಣ್ಯಾತ್ಮರು ಹಾಕಿಕೊಟ್ಟು ಹೋಗಿರುತ್ತಾರೆ. ಇನ್‌ಕಾಗ್ನಿಟೋ ಅಥವಾ ಗೆಸ್ಟ್ ಕಿಟಕಿಯಲ್ಲಿ ನೋಡಿದ್ದು ಹಿಸ್ಟರಿಗೆ ಬರೆದೇ ಇಲ್ಲ. ಬರೆಯದೇ ಇದ್ದದ್ದನ್ನು ವಾಪಸ್ ತರುವುದೆಂತು? ಅಂಗಡಿಯವರ ಗೂಗಲ್ ಖಾತೆ ಮನೆಯ ಮೊಬೈಲಿನಲ್ಲೂ ಸಿಂಕ್ ಆಗಿದ್ದರೆ, ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ.

ಹಳೆಯದು ಮಾತ್ರ ಇಲ್ಲ ಎಂದರೆ ಅದು ದೋಷವೇ ಅಲ್ಲದಿರಬಹುದು. ಕ್ರೋಮ್ ಈ ಕಂಪ್ಯೂಟರಿನ ಹಿಸ್ಟರಿಯನ್ನು 90 ದಿನ ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಹಳೆಯದನ್ನು ತಾನೇ ತೆಗೆದುಹಾಕುತ್ತ ಹೋಗುತ್ತದೆ. ದೀಪಾವಳಿ ಹೊತ್ತಿನದು ಮಾರ್ಚಿನಲ್ಲಿ ಕೇಳಿದರೆ ಇರುವುದಿಲ್ಲ. ಈ 90 ದಿನ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಥಾನಾಯಕ.

ಬ್ಯಾಡಗಿಯದ್ದು ಎರಡನೇ ಬಗೆಯ ಖಾಲಿ. ಶನಿವಾರ ಮಧ್ಯಾಹ್ನದಿಂದ ಈಚೆಗಿನದು ಇದೆ, ಆಚೆಗಿನದು ಇಲ್ಲ. 90 ದಿನದ ಲೆಕ್ಕಕ್ಕೆ ಡಿಸೆಂಬರ್ ಎರಡನೇ ವಾರದಿಂದ ಎಲ್ಲವೂ ಇರಬೇಕಿತ್ತು. ಮೇಲ್ನೋಟಕ್ಕೆ ಯಾರೋ ಶನಿವಾರ ಅಳಿಸಿದಂತೆಯೇ ಕಂಡಿತು. ನನಗೂ ಹಾಗೇ ಅನಿಸಿತು, ಸುಳ್ಳೇಕೆ.

ಆದರೆ ಒಂದು ಕೂದಲೆಳೆ ಅಡ್ಡ ಬಂತು. ಕೈಯಿಂದ ಅಳಿಸುವವರು ಸಾಮಾನ್ಯವಾಗಿ ಕ್ರೋಮ್ ತೋರಿಸಿದ ಡಬ್ಬಿಯಲ್ಲಿ ಟಿಕ್ ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ಹಾಗೆ ಬಿಟ್ಟರೆ ಹಿಸ್ಟರಿ ಜೊತೆ ಕುಕಿ (ಜಾಲತಾಣಗಳು ಇಟ್ಟುಹೋಗುವ ಗುರುತಿನ ಚೀಟಿ), ಕ್ಯಾಶೆ (ನೋಡಿದ ಪುಟಗಳ ಉಳಿಸಿಟ್ಟ ತುಣುಕು) ಎರಡೂ ಹೋಗುತ್ತವೆ. ಇಲ್ಲಿ ಕ್ಯಾಶೆ ಫೋಲ್ಡರಿನಲ್ಲಿ ಫೆಬ್ರುವರಿ ತಾರೀಖಿನ ಫೈಲುಗಳು ಹಾಗೇ ಇದ್ದವು. ಕುಕಿಗಳೂ ಒಂದಷ್ಟು ಹಳೆಯವು ಉಳಿದಿದ್ದವು. ಹಿಸ್ಟರಿ ಮಾತ್ರ ಆರಿಸಿ ಅಳಿಸುವಷ್ಟು ಜಾಣ ಯಾರು ಈ ಅಂಗಡಿಯಲ್ಲಿ? ಇದು ಪುರಾವೆಯಲ್ಲ. ಆದರೆ ಫೈಲ್ ಬಿಚ್ಚಿ ನೋಡಲು ಇಷ್ಟು ಸಾಕು.

ಫೈಲ್ ಬಿಚ್ಚುವುದು

ಕ್ರೋಮ್‌ನ ಹಿಸ್ಟರಿ ಒಂದೇ ಒಂದು ಫೈಲ್. ಹೆಸರೂ ಹಿಸ್ಟರಿಯೇ, ಮುಂದೆ ಯಾವ ಬಾಲವೂ ಇಲ್ಲ. ಸಿ ಡ್ರೈವ್, ಯೂಸರ್ಸ್, ನಿಮ್ಮ ಖಾತೆಯ ಹೆಸರು, ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್, ಈ ಹಾದಿಯಲ್ಲಿ ಹೋದರೆ ಸಿಗುತ್ತದೆ. ಎರಡನೇ ಪ್ರೊಫೈಲ್ ಇದ್ದರೆ ಡಿಫಾಲ್ಟ್ ಪಕ್ಕದಲ್ಲಿ ಪ್ರೊಫೈಲ್ 1 ಎಂಬ ಫೋಲ್ಡರ್. ಆ್ಯಪ್‌ಡೇಟಾ ಅಡಗಿರುತ್ತದೆ; ಎಕ್ಸ್‌ಪ್ಲೋರರಿನಲ್ಲಿ ಅಡಗಿದ್ದನ್ನು ತೋರಿಸು ಎಂದು ಹೇಳಬೇಕು. ಎಡ್ಜ್‌ಗೆ ಗೂಗಲ್ ಕ್ರೋಮ್ ಜಾಗದಲ್ಲಿ ಮೈಕ್ರೋಸಾಫ್ಟ್ ಎಡ್ಜ್, ಉಳಿದದ್ದೆಲ್ಲ ಅದೇ. ಫೈರ್‌ಫಾಕ್ಸ್‌ದು ರೋಮಿಂಗ್ ಫೋಲ್ಡರಿನ ಕಡೆ ಹೋಗಬೇಕು, ಅಲ್ಲಿ ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್ ಎಂಬ ಫೈಲ್.

ಮೂಲ ಫೈಲನ್ನು ತೆರೆಯಬೇಡಿ. ಬ್ರೌಸರ್ ಮುಚ್ಚಿ, ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಇವೆಲ್ಲ ಎಸ್‌ಕ್ಯೂಲೈಟ್ ಡೇಟಾಬೇಸುಗಳು, ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಫೈಲುಗಳು. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಉಚಿತ ಸಾಧನ ಸಾಕು. ಕೋಷ್ಟಕ ನೋಡುವ ತಾಳ್ಮೆ ಇಲ್ಲದವರಿಗೆ ನಿರ್‌ಸಾಫ್ಟ್‌ನ ಬ್ರೌಸಿಂಗ್‌ಹಿಸ್ಟರಿವ್ಯೂ ಇದೆ, ಎಲ್ಲ ಬ್ರೌಸರುಗಳದ್ದನ್ನೂ ಒಂದೇ ಪಟ್ಟಿಯಲ್ಲಿ ಕೊಡುತ್ತದೆ. ನಾನು ಕೋಷ್ಟಕದವನೇ. ಪಟ್ಟಿ ಅಂದವಾಗಿರುತ್ತದೆ, ಆದರೆ ಸಾಲುಗಳು ಯಾವ ಕ್ರಮದಲ್ಲಿ ಬರೆಯಲ್ಪಟ್ಟವು ಎಂಬುದು ಅದರಲ್ಲಿ ಮರೆಯಾಗುತ್ತದೆ, ಮತ್ತು ಕಥೆ ಇರುವುದು ಅಲ್ಲೇ.

ಯುಆರ್‌ಎಲ್ಸ್ ಎಂಬ ಕೋಷ್ಟಕದಲ್ಲಿ ವಿಳಾಸ, ಶೀರ್ಷಿಕೆ. ವಿಸಿಟ್ಸ್ ಎಂಬುದರಲ್ಲಿ ಪ್ರತಿ ಭೇಟಿಗೆ ಒಂದು ಸಾಲು: ಕ್ರಮಸಂಖ್ಯೆ, ಯಾವ ವಿಳಾಸ, ಎಷ್ಟು ಹೊತ್ತಿಗೆ. ಹೊತ್ತನ್ನು ನಮ್ಮ ನಿಮ್ಮಂತೆ ಬರೆದಿರುವುದಿಲ್ಲ. 1601ರ ಜನವರಿ 1ರಿಂದ ಎಷ್ಟು ಮೈಕ್ರೋಸೆಕೆಂಡ್ ಕಳೆದಿವೆ ಎಂಬ 17 ಅಂಕಿಯ ಸಂಖ್ಯೆ, ಅದೂ ಗ್ರೀನಿಚ್ ವೇಳೆಯಲ್ಲಿ. ಬಿಡಿಸುವುದು ಹೀಗೆ: 10 ಲಕ್ಷದಿಂದ ಭಾಗಿಸಿ, 11,64,44,73,600 ಕಳೆಯಿರಿ. ನಮ್ಮ ಐದೂವರೆ ತಾಸಿಗೆ 19,800 ಸೆಕೆಂಡ್ ಕೂಡಿಸಿ. ಬಂದದ್ದನ್ನು 86,400ರಿಂದ ಭಾಗಿಸಿ, 25,569 ಕೂಡಿಸಿ, ಎಕ್ಸೆಲ್ ಕೋಶದಲ್ಲಿಟ್ಟು ತಾರೀಖಿನ ರೂಪ ಕೊಡಿ. ಎಕ್ಸೆಲ್ 15 ಅಂಕಿಯಾಚೆ ಹಿಡಿಯಲಾರದೆ ಕೊನೆಯೆರಡನ್ನು ಸೊನ್ನೆ ಮಾಡುತ್ತದೆ. ಮೈಕ್ರೋಸೆಕೆಂಡು ಹೋದರೆ ಮೆಣಸಿನಕಾಯಿ ದಲಾಲಿಗೇನು ನಷ್ಟ?

ಫೈರ್‌ಫಾಕ್ಸ್ 1970ರಿಂದ ಎಣಿಸುತ್ತದೆ. ಅಲ್ಲಿ ಆ ದೊಡ್ಡ ಸಂಖ್ಯೆ ಕಳೆಯಬಾರದು. ಈ ಒಂದು ತಪ್ಪಿನಿಂದ 369 ವರ್ಷ ಹಿಂದೆ ಹೋಗುತ್ತೀರಿ, ಗೊತ್ತಾಗದೇ ಇರಲಾರದು.

ವಿಸಿಟ್ಸ್ ಕೋಷ್ಟಕವನ್ನು ಹೊತ್ತಿನ ಪ್ರಕಾರ ಅಲ್ಲ, ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ. ಕ್ರಮಸಂಖ್ಯೆ ಯಾವಾಗಲೂ ಏರುತ್ತದೆ, ಹೊತ್ತೂ ಅದರ ಜೊತೆ ಏರಬೇಕು. ನಡುವೆ ಸಂಖ್ಯೆ ಹಾರಿದ್ದರೆ ಅಲ್ಲಿ ಸಾಲು ಅಳಿದಿದೆ. ಬ್ಯಾಡಗಿಯ ಫೈಲಿನಲ್ಲಿ ಮೊದಲ ಸಾಲಿನ ಸಂಖ್ಯೆ 9,614. ಅದರ ಹಿಂದಿನವು ಇಲ್ಲ, ಅಷ್ಟು ನಮಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಅದರ ಪಕ್ಕದ ಹೊತ್ತಿನಲ್ಲಿತ್ತು: 13398669240518327.

ಲೆಕ್ಕ ಹಾಕಿದೆ. 2025ರ ಆಗಸ್ಟ್ 3, ಬೆಳಿಗ್ಗೆ 10 ಗಂಟೆ 4 ನಿಮಿಷ.

ನಾನು ಕೂತಿದ್ದು ಮಾರ್ಚ್ 10ರಂದು. ಐದು ತಿಂಗಳು ಮುಂದಿನ ತಾರೀಖು. ಕೈತಪ್ಪೇನೋ ಎಂದು ಮತ್ತೆ ಹಾಕಿದೆ, ಅದೇ ಬಂತು. ಅದರ ಕೆಳಗೆ ಹತ್ತಿಪ್ಪತ್ತು ಸಾಲು ಆಗಸ್ಟ್ 3ರವು. ಆಮೇಲೆ ಏಕಾಏಕಿ 13385900640207115, ಅಂದರೆ ಮಾರ್ಚ್ 8, ಮಧ್ಯಾಹ್ನ 3 ಗಂಟೆ 14 ನಿಮಿಷ. ಅಲ್ಲಿಂದ ಮುಂದೆ ಎಲ್ಲ ಸರಿ.

ಅಳಿಸಿದ ಕೈ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಕೆಟ್ಟ ಗಡಿಯಾರ.

ಗಡಿಯಾರದ ಜಾಡು

ಹುಡುಗನನ್ನು ಹತ್ತಿರ ಕರೆದು ಕೇಳಿದೆ, ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಆಗುವಾಗ ಏನಾದರೂ ತಕರಾರು ಮಾಡಿತ್ತೇ?

“ಮಾಡಿತ್ತಣ್ಣ. ಕರೇ ಸ್ಕ್ರೀನ್ ಬಂದು ನಿಂತಬಿಡ್ತು. ಎಫ್1 ಒತ್ತು ಅಂತ ಇತ್ತು. ಒತ್ತಿದ್ರ ನೀಲಿ ಬಂತು. ತಾರೀಖು ಎಲ್ಲೋ ಹಳೇದಿತ್ತು, ನಾನ ಸರಿ ಮಾಡಿದ್ನಿ.”

“ಹೆಂಗ ಹೊಡದಿ?”

“ಎಂಟು, ಮೂರು, ಎರಡುಸಾವಿರದ ಇಪ್ಪತ್ತೈದು.”

ಎಂಟನೇ ತಾರೀಖು, ಮೂರನೇ ತಿಂಗಳು. ನಾವು ಬರೆಯುವುದೇ ಹಾಗೆ. ಆದರೆ ಆ ನೀಲಿ ಪರದೆ, ಅಂದರೆ ವಿಂಡೋಸ್ ಏಳುವ ಮುಂಚಿನ ಬಯಾಸ್ ಸೆಟಪ್, ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಕೇಳುತ್ತದೆ. ಎಂಟನೇ ತಿಂಗಳು, ಮೂರನೇ ತಾರೀಖು. ಆಗಸ್ಟ್ 3. ವಿಂಡೋಸ್ ತೆರೆದ ಮೇಲೆ ಮೂಲೆಯಲ್ಲಿ 03-08-2025 ಎಂದು ಬಂದಿರುತ್ತದೆ. ಮೂರು ಮತ್ತು ಎಂಟು ಎರಡೂ ಇವೆ, ಕಣ್ಣು ಹಾಯಿಸಿದವರಿಗೆ ಸರಿಯಾಗೇ ಕಾಣುತ್ತದೆ.

ಇಂಟರ್ನೆಟ್ ಇದ್ದರೆ ವಿಂಡೋಸ್ ತಾನೇ ಹೊತ್ತು ಸರಿ ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಸಣ್ಣಪುಟ್ಟ ವ್ಯತ್ಯಾಸ ಮಾಡಿಕೊಳ್ಳುತ್ತದೆ. ಡೊಮೇನ್‌ಗೆ (ದೊಡ್ಡ ಕಚೇರಿಯ ಜಾಲಕ್ಕೆ) ಸೇರದ ಒಂಟಿ ಕಂಪ್ಯೂಟರಿನಲ್ಲಿ ಮೂಲ ಸೆಟ್ಟಿಂಗ್ ಪ್ರಕಾರ 54,000 ಸೆಕೆಂಡ್, ಅಂದರೆ 15 ತಾಸಿಗಿಂತ ಹೆಚ್ಚು ಅಂತರವಿದ್ದರೆ ಮುಟ್ಟುವುದಿಲ್ಲ. ಐದು ತಿಂಗಳನ್ನು ಅದು ನೋಡಿ ಸುಮ್ಮನಿತ್ತು.

ಈಗ ಆ 90 ದಿನಕ್ಕೆ ಬನ್ನಿ. ಕ್ರೋಮ್ ತೆರೆದಾಗ ಅದರ ಪಾಲಿಗೆ ಇಂದು ಆಗಸ್ಟ್ 3. 90 ದಿನ ಹಿಂದೆ ಎಣಿಸಿದರೆ ಮೇ ತಿಂಗಳ ಮೊದಲ ವಾರ. ಡಿಸೆಂಬರಿನಿಂದ ಮಾರ್ಚ್ 7ರವರೆಗಿನ ಹಿಸ್ಟರಿ ಎಲ್ಲವೂ ಅದಕ್ಕಿಂತ ಹಳೆಯದು. ಎಲ್ಲವೂ ಅವಧಿ ಮೀರಿದ ಸರಕು. ಕ್ರೋಮ್ ಒಂದೇ ಏಟಿಗೆ ಅಳಿಸುವುದಿಲ್ಲ, ಹಳೆಯ ತುದಿಯಿಂದ ಸ್ವಲ್ಪ ಸ್ವಲ್ಪವೇ ತಿನ್ನುತ್ತ ಬರುತ್ತದೆ. ಐದು ತಾಸು ಕ್ರೋಮ್ ತೆರೆದೇ ಇತ್ತು, ತಿಂದು ಮುಗಿಸಿತು. ಮಧ್ಯಾಹ್ನ ಕೆಲವು ಜಾಲತಾಣಗಳು ನಿಮ್ಮ ಗಡಿಯಾರ ಮುಂದಿದೆ ಎಂದು ಬಾಗಿಲು ಹಾಕಿದಾಗ ಸಾವ್ಕಾರರ ಮಗ ವಿಂಡೋಸ್‌ನಲ್ಲಿ ತಾರೀಖು ಸರಿಮಾಡಿದ. ಅಷ್ಟೊತ್ತಿಗೆ ಊಟ ಮುಗಿದು ಎಲೆ ಎತ್ತಿಯಾಗಿತ್ತು.

ಬರೀ ಮಾತಿನ ಮೇಲೆ ನಂಬಬೇಕಿಲ್ಲ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಮ್ ಎಂಬಲ್ಲಿ ಕರ್ನಲ್-ಜನರಲ್ ಮೂಲದ, 1 ಸಂಖ್ಯೆಯ ಇವೆಂಟ್ ಹುಡುಕಿ. ಗಡಿಯಾರ ಬದಲಾದಾಗ ಹಳೆಯ ಹೊತ್ತು ಯಾವುದು, ಹೊಸದು ಯಾವುದು ಎಂದು ಅಲ್ಲಿ ಬರೆದಿರುತ್ತದೆ. ಸೆಕೆಂಡು, ಅರೆ ಸೆಕೆಂಡಿನ ಸಣ್ಣ ತಿದ್ದುಪಡಿಗಳು ಬಹಳ ಇರುತ್ತವೆ, ಅವನ್ನು ಬಿಟ್ಟು ದೊಡ್ಡ ಜಿಗಿತ ನೋಡಿ. ಇಲ್ಲಿ ಆಗಸ್ಟ್ 3ರಿಂದ ಮಾರ್ಚ್ 8ಕ್ಕೆ ಹಾರಿದ ಸಾಲು ಸಿಕ್ಕಿತು. ಬಯಾಸ್‌ನಲ್ಲಿ ಮಾಡಿದ ಬದಲಾವಣೆ ಇಲ್ಲಿ ಹಾಗೆ ದಾಖಲಾಗುವುದಿಲ್ಲ, ಆಗ ವಿಂಡೋಸ್ ಇನ್ನೂ ಎದ್ದೇ ಇರಲಿಲ್ಲ. ಅದಕ್ಕೆ 6005 ಸಂಖ್ಯೆಯ ಇವೆಂಟ್ ನೋಡಬೇಕು. ಲಾಗ್ ಸೇವೆ ಶುರುವಾದಾಗಲೆಲ್ಲ ಅದು ಬೀಳುತ್ತದೆ. ಶುಕ್ರವಾರದ್ದು ಮಾರ್ಚ್ 7, ಅದರ ಮುಂದಿನದು ಆಗಸ್ಟ್ 3. ಅದನ್ನು ಸಾವ್ಕಾರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು, ಏನೂ ಹೇಳಲಿಲ್ಲ. ದಿವಾನಜಿ ಮಾತ್ರ ಕೀರ್ದಿಯಿಂದ ಮೊದಲ ಬಾರಿ ತಲೆ ಎತ್ತಿದರು.

ಗಡಿಯಾರ ಯಾಕೆ ಕೆಟ್ಟಿತು ಎಂಬುದು ಉಳಿಯಿತು. ಕವಚ ಬಿಚ್ಚಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ ತೆಗೆದು ಮೀಟರ್ ಹಚ್ಚಿದೆ. ಸಿಆರ್ 2032, ಮೂರು ವೋಲ್ಟಿನದು, 1.9 ತೋರಿಸಿತು. ಕರೆಂಟು ಇದ್ದಾಗ ಗಡಿಯಾರ ಅದರಿಂದಲೇ ನಡೆಯುತ್ತದೆ, ಸೆಲ್ ಸತ್ತದ್ದು ಗೊತ್ತಾಗುವುದಿಲ್ಲ. ಆದರೆ ಮೆಣಸಿನಕಾಯಿ, ಗೋಣಿಚೀಲ ತುಂಬಿದ ಅಂಗಡಿ, ಶಾರ್ಟ್ ಆದೀತೆಂಬ ಹೆದರಿಕೆಗೆ ರಾತ್ರಿ ಮೇನ್ ಸ್ವಿಚ್ಚೇ ಇಳಿಸಿ ಹೋಗುತ್ತಾರೆ. ರಾತ್ರಿಯಿಡೀ ಆ ಬಿಲ್ಲೆಯದ್ದೇ ಆಸರೆ. ಮೂವತ್ತು ನಲವತ್ತು ರೂಪಾಯಿಯ ವಸ್ತು.

ವಾಪಸ್ ತರುವುದು

ಕಾರಣ ತಿಳಿಯಿತು. ಸಾವ್ಕಾರರಿಗೆ ಗುರುವಾರದ ದಾಖಲೆ ಇನ್ನೂ ಬೇಕಿತ್ತು. ಇಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚು, ಅದಕ್ಕೆ ನೇರ ಹೇಳುತ್ತೇನೆ.

ಹಿಸ್ಟರಿ ಫೈಲಿನೊಳಗಿಂದಲೇ ಅಳಿದ ಸಾಲು ಎಬ್ಬಿಸುತ್ತೇವೆ ಎನ್ನುವ ಸಾಫ್ಟ್‌ವೇರ್ ಕೊಳ್ಳಬೇಡಿ. ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಅಳಿಸಿದ ಸಾಲು ಫೈಲಿನ ಖಾಲಿ ಪುಟದಲ್ಲಿ ಉಳಿದಿರುತ್ತದೆ, ನಿಜ. ಆದರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಸೆಕ್ಯೂರ್ ಡಿಲೀಟ್ ಎಂಬ ವ್ಯವಸ್ಥೆಯೊಂದಿಗೆ ಬರುತ್ತವೆ, ಅಳಿಸಿದ ಜಾಗಕ್ಕೆ ಸೊನ್ನೆ ತುಂಬುತ್ತವೆ. ಬೂದಿಯಲ್ಲಿ ಅಕ್ಷರ ಓದಿದಂತೆ.

ಫೈಲ್ ಅಥವಾ ಪ್ರೊಫೈಲ್ ಫೋಲ್ಡರೇ ಡಿಲೀಟ್ ಆಗಿದ್ದರೆ ಕಥೆ ಬೇರೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ರೆಕುವಾ ಅಥವಾ ಫೋಟೋರೆಕ್ ಓಡಿಸಿ, ಸಿಕ್ಕರೆ ಸಿಗುತ್ತದೆ. ಎಸ್‌ಎಸ್‌ಡಿ ಇದ್ದರೆ ಆಸೆ ಕಡಿಮೆ ಇಡಿ. ಫೈಲ್ ಅಳಿಸಿದೊಡನೆ ವಿಂಡೋಸ್ ಟ್ರಿಮ್ ಎಂಬ ಸೂಚನೆ ಕೊಟ್ಟು ಆ ಜಾಗ ಬೇಡ ಎಂದು ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ, ಅದು ಒರೆಸಿಕೊಳ್ಳುತ್ತದೆ. ಈ ಅಂಗಡಿಗೆ ಹೋದ ವರ್ಷ ಎಸ್‌ಎಸ್‌ಡಿ ಹಾಕಿದವನು ನಾನೇ. ವೇಗ ಬಂತೆಂದು ಆಗ ಚಹಾ ಕುಡಿಸಿದ್ದರು.

ಗೂಗಲ್ ಖಾತೆಯಿಂದ ಲಾಗಿನ್ ಆಗಿ ಹುಡುಕಿದ್ದರೆ ಮೈ ಆ್ಯಕ್ಟಿವಿಟಿ ಪುಟದಲ್ಲಿ ಒಂದಿಷ್ಟು ಉಳಿದಿರಬಹುದು. ಅಂಗಡಿಯ ಖಾತೆಯಾದರೆ ಮಾತ್ರ ನೋಡಿ. ಕೆಲಸದವರ ಸ್ವಂತ ಜಿಮೇಲ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಬಿಟ್ಟಿದ್ದರೂ ಒಳಗೆ ಹೋಗುವ ಹಕ್ಕು ಮಾಲೀಕರಿಗಿಲ್ಲ, ರಿಪೇರಿಯವನಿಗಂತೂ ಇಲ್ಲವೇ ಇಲ್ಲ. ಇಲ್ಲಿ ಯಾವ ಖಾತೆಯೂ ಇರಲಿಲ್ಲ.

ನಮ್ಮನ್ನು ಕಾಪಾಡಿದ್ದು ರಿಸ್ಟೋರ್ ಪಾಯಿಂಟ್, ಅಂದರೆ ಮುಂದೆ ಹಿಂದಿರುಗಲು ವಿಂಡೋಸ್ ತನ್ನ ಸ್ಥಿತಿ ಉಳಿಸಿಟ್ಟುಕೊಳ್ಳುವ ಗುರುತು. ಎಸ್‌ಎಸ್‌ಡಿ ಹಾಕಿದ ದಿನವೇ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿಟ್ಟಿದ್ದೆ. ಬಹಳ ಕಂಪ್ಯೂಟರುಗಳಲ್ಲಿ ಅದು ಆಫ್ ಇರುತ್ತದೆ. ಶುಕ್ರವಾರ ಸಂಜೆ ಹೊಸ ಪ್ರಿಂಟರಿನ ಡ್ರೈವರ್ ಹಾಕುವಾಗ ವಿಂಡೋಸ್ ಒಂದು ಪಾಯಿಂಟ್ ಮಾಡಿಕೊಂಡಿತ್ತು. ಅದರ ಜೊತೆ ಸಿ ಡ್ರೈವಿನ ಆ ಹೊತ್ತಿನ ನೆರಳು ಪ್ರತಿ ಉಳಿದಿರುತ್ತದೆ. ಇಲ್ಲಿ ಎಚ್ಚರ: ಸಿಸ್ಟಮ್ ರಿಸ್ಟೋರ್ ಒತ್ತಬೇಡಿ, ಅದು ವಿಂಡೋಸ್ಸನ್ನೇ ಹಿಂದಕ್ಕೆ ಒಯ್ಯುತ್ತದೆ. ಡಿಫಾಲ್ಟ್ ಫೋಲ್ಡರಿನ ಮೇಲೆ ಬಲಗಡೆ ಒತ್ತಿ, ಪ್ರಾಪರ್ಟೀಸ್, ಪ್ರೀವಿಯಸ್ ವರ್ಶನ್ಸ್. ಅಲ್ಲಿ ತಾರೀಖು ಕಂಡರೆ ತೆರೆದು, ಹಿಸ್ಟರಿ ಫೈಲನ್ನು ಹೊರಗೆ ಕಾಪಿ ಮಾಡಿಕೊಳ್ಳಿ. ರಿಸ್ಟೋರ್ ಗುಂಡಿ ಬೇಡ, ಕಾಪಿ ಮಾತ್ರ. ಆ ಪುಟ ಖಾಲಿ ಕಂಡರೆ ನಿರ್‌ಸಾಫ್ಟ್‌ನ ಶ್ಯಾಡೋಕಾಪಿವ್ಯೂನಿಂದ ಇನ್ನೊಮ್ಮೆ ನೋಡಿ.

ಮಾರ್ಚ್ 7ರ ಫೈಲ್ ಸಿಕ್ಕಿತು. ಒಂಬತ್ತು ಸಾವಿರ ಚಿಲ್ಲರೆ ಕ್ರಮಸಂಖ್ಯೆಯವರೆಗೆ ಸಾಲುಗಳು, ಡಿಸೆಂಬರಿನಿಂದ ಶುಕ್ರವಾರ ಸಂಜೆಯತನಕ.

ಸಿಕ್ಕಿದ್ದರಲ್ಲಿ ಇಲ್ಲದ್ದು

ಗುರುವಾರ ಮಾರ್ಚ್ 6ರಂದು ಟೆಂಡರ್ ಜಾಲತಾಣ ಮಧ್ಯಾಹ್ನ 1 ಗಂಟೆ 52ಕ್ಕೆ ತೆರೆದಿದೆ, 2 ಗಂಟೆ 40ರವರೆಗೆ ಅದರೊಳಗೆ ಓಡಾಟವಿದೆ. ರೇಟ್ ಎಷ್ಟು ಹೊಡೆದರು ಎಂಬುದಿಲ್ಲ. ಹಿಸ್ಟರಿ ಬರೆದುಕೊಳ್ಳುವುದು ವಿಳಾಸ, ಶೀರ್ಷಿಕೆ, ಹೊತ್ತು. ಅರ್ಜಿಯಲ್ಲಿ ತುಂಬಿದ ಅಂಕಿಗಳನ್ನಲ್ಲ. ಎಷ್ಟು ಹೊತ್ತು ನೋಡಿದರು ಎಂಬ ಒಂದು ಅಂಕಣವಿದೆ, ಆದರೆ ಟ್ಯಾಬ್ ತೆರೆದಿಟ್ಟು ಚಹಾಕ್ಕೆ ಹೋದರೂ ಅದು ಎಣಿಸುತ್ತಲೇ ಇರುತ್ತದೆ. ಅದರ ಮೇಲೆ ಯಾರನ್ನೂ ಹಿಡಿಯಬೇಡಿ.

“ಹಂಗಾರ ಕುಂತಿದ್ದವರು ಯಾರು?” ಸಾವ್ಕಾರರು ಕೇಳಿದರು.

“ಈ ಫೈಲಿಗೆ ಕಂಪ್ಯೂಟರ್ ಗೊತ್ತೈತ್ರಿ, ಮನಷ್ಯಾ ಗೊತ್ತಿಲ್ಲ. ನಾಕೂ ಮಂದಿ ಒಂದೇ ಖಾತೆದಾಗ ಕುಂಡರ್ತೀರಿ.”

“ಆಜೂಬಾಜೂ ಏನೇನ್ ನೋಡ್ಯಾರ ಓದ್ರಿ, ಗೊತ್ತಾಗ್ತೈತಿ.”

“ಬ್ಯಾಡ್ರಿ. ಟೆಂಡರಿಂದಷ್ಟ ಪ್ರಿಂಟ್ ಕೊಡ್ತೀನಿ. ಉಳಿದದ್ದು ನಾಕೂ ಮಂದಿದು ಕೂಡೈತಿ. ನಿಮ್ಮದೂ ಐತಿ.”

ಸಾವ್ಕಾರರು ಮಗನ ಮುಖ ನೋಡಿದರು, ಮಗ ಫ್ಯಾನ್ ನೋಡಿದ. ಪ್ರಿಂಟ್ ಒಂದೇ ಹಾಳೆ ಆಯಿತು. ಕಾಪಿ ಮಾಡಿದ ಫೈಲನ್ನು ಅವರೆದುರೇ ನನ್ನ ಪೆನ್‌ಡ್ರೈವಿನಿಂದ ತೆಗೆದೆ. ರೇಟಿನ ವಿಷಯ ಮಾರುಕಟ್ಟೆ ಸಮಿತಿಯಲ್ಲೇ ಕೇಳಿಕೊಳ್ಳುತ್ತೇನೆ ಎಂದರು.

ಅಂಗಡಿ ಬಿಡುವ ಮೊದಲು

ಹೊಸ ಸೆಲ್ ಹಾಕಿ, ಬಯಾಸ್‌ನಲ್ಲಿ ತಾರೀಖು ಕೊಟ್ಟು, ಮೇನ್ ಸ್ವಿಚ್ ಇಳಿಸಿ ಕಾಲು ತಾಸು ಬಿಟ್ಟು ನೋಡಿದೆ. ಗಡಿಯಾರ ತಪ್ಪಲಿಲ್ಲ. ನಾಲ್ವರಿಗೂ ವಿಂಡೋಸ್‌ನಲ್ಲಿ ಬೇರೆ ಬೇರೆ ಖಾತೆ, ಪಾಸ್‌ವರ್ಡ್ ಅವರವರೇ ಹೊಡೆದುಕೊಂಡರು. ಟೆಂಡರ್ ಯಾರ ಖಾತೆಯಿಂದ ಮಾಡುವುದೆಂದು ಮೊದಲೇ ಗೊತ್ತಿದ್ದರೆ ಹಿಸ್ಟರಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಹಿಸ್ಟರಿಯನ್ನು ಮುಂದೆಯೂ ನೋಡುವುದಿದ್ದರೆ ಈಗಲೇ ಎಲ್ಲರಿಗೂ ಹೇಳಿಬಿಡಿ ಎಂದೆ. ಸಾವ್ಕಾರರು ಅಲ್ಲೇ ಹೇಳಿದರು, ಸ್ವಲ್ಪ ಗಟ್ಟಿಯಾಗಿಯೇ.

ವಾರ ಬಿಟ್ಟು ಪ್ರಿಂಟರಿನ ಕೆಲಸಕ್ಕೆ ಮತ್ತೆ ಹೋದಾಗ ಮಾನಿಟರಿನ ಅಂಚಿಗೆ ಪಟ್ಟಿ ಪುಸ್ತಕದಿಂದ ಹರಿದ ಚೀಟಿಯೊಂದು ಅಂಟಿತ್ತು. ಹುಡುಗನ ಅಕ್ಷರ: “ನೀಲಿ ಬಂದರ ತಿಂಗಳ ಮೊದಲ, ತಾರೀಖು ಆಮ್ಯಾಲ.”